ಡಬ್ಬಿಯಿಂದ ಕಾಳಿಗೆ

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಬಿಯರ್ ಮಾರೋದು ಅಪರಾಧ. ಮಾಲ್ಟ್ ಪಾಕದ ಡಬ್ಬಿ ಮಾತ್ರ ದಿನಸಿ ಅಂಗಡೀಲೇ ಸಿಗ್ತಿತ್ತು, ಬ್ರೆಡ್ಡು ಮಾಡೋದಕ್ಕೆ ಅನ್ನೋ ನೆಪದಲ್ಲಿ. ನಿಷೇಧ ಹೋದರೂ ಮನೇಲಿ ಬಿಯರ್ ಕಾಯಿಸೋದಕ್ಕೆ ಕಾನೂನಿನ ಒಪ್ಪಿಗೆ ಸಿಗಲಿಲ್ಲ. ಅದಕ್ಕೆ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಬೇಕಾಯ್ತು. ಅಲಬಾಮ, ಮಿಸಿಸಿಪ್ಪಿ ರಾಜ್ಯಗಳು ಒಪ್ಪಿದ್ದು 2013ರಲ್ಲಿ. ಆ ದೇಶಕ್ಕೆ ದುಡಿಯೋಕೆ ಬಂದ ನಾವು ಕೆಲವರು ಡಬ್ಬಿಯಿಂದಲೇ ಶುರು ಮಾಡಿದವರು.

ಡಬ್ಬಿ ಅಂದರೇನು? ಯಾರೋ ಕಾರ್ಖಾನೇಲಿ ಬಾರ್ಲಿ ಮೊಳಕೆ ಕಟ್ಟಿ, ಒಣಗಿಸಿ, ನುಚ್ಚು ಮಾಡಿ, ಬಿಸಿನೀರಲ್ಲಿ ನೆನೆಸಿ, ಇಳಿದ ಸಿಹಿರಸವನ್ನ ಬತ್ತಿಸಿ ತುಂಬಿದ್ದು. ಅರ್ಧ ಕೆಲಸ ಅಲ್ಲೇ ಮುಗಿದಿರ್ತದೆ. ಆ ಅರ್ಧವನ್ನ ನಾವೇ ಮಾಡ್ತೀವಿ ಅಂದಾಗ 'ಅದು ಪಳಗಿದವರ ಕೆಲಸ' ಅಂದೋರೇ ಹೆಚ್ಚು. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಕೂಸಿಗೆ ಗಂಜಿ ಕಾಯಿಸಿದ ತಾಯಂದಿರ ಮಕ್ಕಳು ನಾವು. ಮೊಳಕೆ ಕಾಳಿನೊಳಗೆ ಸಿಹಿ ಐತೆ ಅನ್ನೋದನ್ನ ಯಾರು ಕಲಿಸಬೇಕು?

ಲೆಕ್ಕ ಕಷ್ಟದ್ದಲ್ಲ. 20 ಲೀಟರ್ ಬಿಯರಿಗೆ 3 ಕೆ.ಜಿ. ಪಾಕ ಅಂತ ಇದ್ದರೆ, ಬದಲಿಗೆ ಸುಮಾರು 4 ಕೆ.ಜಿ. ಪೇಲ್ ಮಾಲ್ಟ್ ಹಾಕಬೇಕು. ಇದು ಕಾಳಿನ ಸಕ್ಕರೆಯಲ್ಲಿ ನೂರಕ್ಕೆ 75 ಪಾಲು ನಮ್ಮ ಪಾತ್ರೆಗೆ ಇಳಿದರೆ. 65 ಪಾಲೇ ಇಳಿದರೆ 4.6 ಕೆ.ಜಿ. ಬೇಕು. ಪಾಕವಲ್ಲ, ಒಣಪುಡಿ ಅಂತಿದ್ದರೆ 1 ಕೆ.ಜಿ. ಪುಡಿಗೆ ಸುಮಾರು 1.6 ಕೆ.ಜಿ. ಕಾಳು. ಬಣ್ಣಕ್ಕೆ, ರುಚಿಗೆ ಹಾಕೋ ಕ್ರಿಸ್ಟಲ್ ಮಾಲ್ಟು, ಹುರಿದ ಬಾರ್ಲಿ ಇದ್ದಷ್ಟೇ ಇರಲಿ.

ನುಚ್ಚು 67 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದು ಗಂಟೆ ನೆನೀಬೇಕು. 64ಕ್ಕೆ ಇಳಿದರೆ ಬಿಯರ್ ತೆಳು; 70ಕ್ಕೆ ಏರಿದರೆ ದಪ್ಪ, ಸಿಹಿ. ತೊಳೆಯೋ ಶಾಖ 77 ದಾಟಿದರೆ ಹೊಟ್ಟಿನ ಒಗರು ಬಿಡ್ತದೆ. ನೀರು 27 ಲೀಟರಾದರೂ ಬೇಕು: ಕಾಳು ಕುಡಿಯೋದು 4, ಆವಿಯಾಗೋದು ಸುಮಾರು 3. ಚಿಕ್ಕ ಪಾತ್ರೇಲಿ ಗಟ್ಟಿ ಪಾಕ ಕುದಿಸಿದಾಗ ಹಾಪ್ಸಿನ ಕಹಿ ಪೂರ್ತಿ ಬಿಡಲ್ಲ. ಇಲ್ಲಿ ರಸವೆಲ್ಲ ಒಟ್ಟಿಗೇ ಕುದಿಯೋದರಿಂದ ಹಾಪ್ಸು ಸ್ವಲ್ಪ ಕಡಿಮೆ ಸಾಕು.

ಕಾಳು ಡಬ್ಬಿಗಿಂತ ಅಗ್ಗ, ನಿಜ. ಆದರೆ ಎರಡು ಮೂರು ಗಂಟೆ ಹೆಚ್ಚಿಗೆ ಕೇಳ್ತದೆ. ವಾರಕ್ಕೆ ಆರು ದಿನ ಪಾಳಿ ಮಾಡೋ ನಮ್ಮ ಗೆಳೆಯನಿಗೆ ಆ ಗಂಟೆ ಎಲ್ಲಿಂದ ಬರಬೇಕು? ಅವನು ಡಬ್ಬೀಲೇ ಕಾಯಿಸ್ತಾನೆ, ಚೆನ್ನಾಗೇ ಕಾಯಿಸ್ತಾನೆ. ಕಾಳಿನವರು ಮೇಲು, ಡಬ್ಬಿಯವರು ಕೀಳು ಅನ್ನೋ ಮಾತು ಕಾಯಿಸೋರ ನಡುವೆ ಓಡಾಡ್ತದೆ. ನಮಗೆ ಅದು ಒಪ್ಪಿಗೆಯಿಲ್ಲ. ನಾವು ಕಾಳಿಗೆ ಹೋದದ್ದು ಯಾರ ತಲೆ ಮೇಲೆ ಕೂರೋದಕ್ಕೂ ಅಲ್ಲ. ಮುಚ್ಚಿದ ಡಬ್ಬಿಯೊಳಗೆ ಏನಾಗಿತ್ತು ಅಂತ ತಿಳಿಯೋದಕ್ಕೆ. ತಿಳಿದದ್ದನ್ನ ಇಲ್ಲಿ ಸುರಿದಿದ್ದೀವಿ. ಬೇಕಾದೋರು ಎತ್ತಿಕೊಳ್ಳಲಿ.