ಕೀಲಿಕೈ ಯಾರ ಕಡಿ ಅದ?

ನಮ್ಮ ಕಾಕಾನ ಗೊಬ್ಬರದ ಅಂಗಡಿ ಇರೋದು ಬಳಿಚಕ್ರದಲ್ಲಿ. ಜೂನ್ ಬಂತೆಂದರೆ ಅಲ್ಲಿ ಎಲ್ಲರದೂ ಒಂದೇ ಪ್ರಶ್ನೆ, “ಡಿಎಪಿ ಬಂದದೇನ್ರಿ?” ಮಳೆ ಬಿದ್ದ ಮೇಲೆ ಹೊಲದಲ್ಲಿ ಹದ ನಿಲ್ಲೋದು ಕೆಲವೇ ದಿನ. ಅಷ್ಟರೊಳಗೆ ತೊಗರಿ, ಹತ್ತಿ ಬಿತ್ತಬೇಕು. ಬೈಕಿಗೆ ಪೆಟ್ರೋಲ್ ಸುಟ್ಟುಕೊಂಡು ಬಂದು, ಲೋಡ್ ಬಂದಿಲ್ಲ ಅನ್ನಿಸಿಕೊಂಡು ಬರಿಗೈಲಿ ಹೋಗೋರನ್ನು ನೋಡಿ ನೋಡಿ ಸಾಕಾಗಿ ಕಾಕಾ ಫೋನ್ ಮಾಡಿದ.

“ತಮ್ಮಾ, ಬೆಂಗಳೂರಾಗ ಕುಂತು ದಿನಾ ಕಂಪ್ಯೂಟರ್ ಕುಟ್ತೀದಿ. ಲೋಡ್ ಬಂದ ಕೂಡ್ಲೆ ಎಲ್ಲರಿಗೂ ಒಂದು ಮೆಸೇಜ್ ಹೋಗಂಗ ಮಾಡ್ಲಾಕ ಬರ್ತದೇನು?”

ಬರದೆ ಏನು? ನಾನು ಹೊಟ್ಟೆ ಹೊರೆಯೋದೇ ಅದರಲ್ಲಿ. ಭಾನುವಾರ ಚಹಾ ಕುಡಿದು ಕೂತೆ. ಮೆಸೇಜ್ ಕಳಿಸೋದು ಎರಡು ಸಾಲಿನ ಕೆಲಸ, ಕಳಿಸೋಕೆ ಅನುಮತಿ ಪಡೆಯೋದೇ ದೊಡ್ಡ ಕೆಲಸ. ಎಸ್‌ಎಂಎಸ್ ಕಳಿಸಬೇಕಂದ್ರೆ ಟ್ರಾಯ್‌ನ 2018ರ ನಿಯಮದ ಪ್ರಕಾರ ಡಿಎಲ್‌ಟಿಯಲ್ಲಿ ಹೆಸರು ನೋಂದಾಯಿಸಬೇಕು, ಕಳಿಸೋ ಮೆಸೇಜಿನ ನಮೂನೆಗೂ ಒಪ್ಪಿಗೆ ಪಡೀಬೇಕು. ವಾಟ್ಸಾಪ್ ಎಪಿಐಗೂ ಬಿಸಿನೆಸ್ ಖಾತೆ, ನಂಬರ್, ಒಪ್ಪಿಗೆ ಸಿಕ್ಕ ಟೆಂಪ್ಲೇಟ್ ಎಲ್ಲ ಬೇಕು. ಉಳಿದದ್ದು ಟೆಲಿಗ್ರಾಂ. ಕಾನ್‌ಸ್ಟೇಬಲ್, ಎಫ್‌ಡಿಎ ಪರೀಕ್ಷೆಯ ಪಿಡಿಎಫ್‌ಗಳ ಪುಣ್ಯದಿಂದ ಅದು ಊರಿನ ಹುಡುಗರ ಫೋನಿನಲ್ಲಿ ಆಗಲೇ ಇತ್ತು.

ಟೆಲಿಗ್ರಾಂನಲ್ಲಿ ಬಾಟ್‌ಫಾದರ್ ಅಂತ ಒಂದು ಖಾತೆ ಇದೆ. ಅದಕ್ಕೆ ‘ನ್ಯೂಬಾಟ್’ ಅಂದು, ಅಂಗಡಿ ಹೆಸರು ಕೊಟ್ಟೆ. ಒಂದಿಷ್ಟು ಅಂಕಿ, ಒಂದು ಕೋಲನ್, ಆಮೇಲೆ ಒಂದಿಷ್ಟು ಅಕ್ಷರ ಇರೋ ಉದ್ದನೆಯ ಟೋಕನ್ ಕೊಟ್ಟಿತು. ಪೈಥಾನ್ ಲೈಬ್ರರಿಗೆ ಆ ಟೋಕನ್ ಅಂಟಿಸಿದರೆ ಮುಗೀತು. ಪಾಸ್‌ವರ್ಡ್ ಇಲ್ಲ, ಒಟಿಪಿ ಇಲ್ಲ. ಟೋಕನ್ ಯಾರ ಕೈಯಲ್ಲಿದೆಯೋ ಅವರೇ ಬಾಟ್. ಒಂದೇ ಷರತ್ತು: ಬಾಟ್ ತಾನಾಗಿ ಯಾರನ್ನೂ ಮೊದಲು ಮಾತಾಡಿಸುವಂತಿಲ್ಲ, ಎದುರಿನವರು ‘ಸ್ಟಾರ್ಟ್’ ಒತ್ತಲೇಬೇಕು. ಕಾಕಾ ಕ್ಯೂಆರ್ ಕೋಡ್ ಪ್ರಿಂಟ್ ಹಾಕಿಸಿ ತಕ್ಕಡಿ ಪಕ್ಕ ಅಂಟಿಸಿದ. ವಾರದಲ್ಲಿ ನಲವತ್ತು ಜನ ಒತ್ತಿದರು. ಮೊದಲ ಲೋಡಿನ ಮೆಸೇಜ್ ಹೋದ ದಿನ ಕಾಕಾನ ದನಿ ಕೇಳಬೇಕಿತ್ತು!

ನನಗೂ ಹೆಮ್ಮೆ. ಆ ಹೆಮ್ಮೆಯಲ್ಲೇ ಕೋಡನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕಿದೆ. ರೆಸ್ಯೂಮೆಯಲ್ಲಿ ಒಂದು ಸಾಲು ಆಗುತ್ತೆ ಅಂತ. ಟೋಕನ್ ಅದರಲ್ಲೇ ಇತ್ತು. ಜೊತೆಗೆ ನಲವತ್ತು ಜನರ ಚಾಟ್ ಐಡಿ ಪಟ್ಟಿ.

ಎರಡು ದಿನ ಬಿಟ್ಟು ಕಾಕಾನ ಫೋನ್. “ಸಬ್ಸಿಡಿ ಡಿಎಪಿ ಬುಕಿಂಗ್ ಅಂತ ಲಿಂಕ್ ಕಳಿಸೀದೇನು? ಅದೂ ಹಿಂದಿಯಾಗ?”

ನಾನು ಕಳಿಸಿರಲಿಲ್ಲ. ಗಾಬರಿಯಲ್ಲಿ ಮೊದಲು ಗಿಟ್‌ಹಬ್‌ನಿಂದ ಫೈಲ್ ಅಳಿಸಿದೆ. ಅದರಿಂದ ಏನೂ ಉಪಯೋಗ ಇಲ್ಲ, ಗಿಟ್‌ನ ಇತಿಹಾಸದಲ್ಲಿ ಹಳೆಯದೆಲ್ಲ ಹಾಗೇ ಉಳಿಯುತ್ತೆ ಅನ್ನೋದು ನನಗೆ ಗೊತ್ತಿದ್ದ ವಿಷಯವೇ. ಬಾಟ್‌ಫಾದರ್‌ಗೆ ‘ರಿವೋಕ್’ ಅಂತ ಹೇಳಿದಾಗಲೇ ಹಳೆ ಟೋಕನ್ ಸತ್ತದ್ದು. ಅರ್ಧ ನಿಮಿಷದ ಕೆಲಸ. ಅಷ್ಟರಲ್ಲಿ ಒಬ್ಬ ರೈತ 1,800 ರೂಪಾಯಿ ಕಟ್ಟಿಬಿಟ್ಟಿದ್ದ. 1930ಕ್ಕೆ ದೂರು ಕೊಟ್ಟೆವು. ಕಾಕಾ ಮಾತ್ರ ಅದಕ್ಕೆ ಕಾಯಲಿಲ್ಲ, ಅವತ್ತೇ ಗಲ್ಲಾದಿಂದ ದುಡ್ಡು ತೆಗೆದು ಕೊಟ್ಟ. “ಮೆಸೇಜ್ ನನ್ನ ಅಂಗಡಿ ಹೆಸರಿಲೆ ಬಂದದಲ್ಲಪ್ಪಾ.”

ಮುಂದಿನ ಶನಿವಾರ ಊರಿಗೆ ಹೋದೆ. ಬೈತಾನೆ ಅಂತ ಸಿದ್ಧವಾಗೇ ಹೋಗಿದ್ದೆ. ಬೈಯಲಿಲ್ಲ. “ಆ ಟೋಕನ್ ಅಂದ್ರೇನು, ಹೇಳು” ಅಂದ. ಕೀಲಿಕೈ ಇದ್ದಂಗ ಕಾಕಾ, ಅಂದೆ.

ಕಾಕಾ ಗೋಡೆ ಕಡೆ ಕೈ ತೋರಿಸಿದ. ಮೂರು ಫ್ರೇಮು. “ಇದು ಗೊಬ್ಬರಕ್ಕ, ಇದು ಬೀಜಕ್ಕ, ಇದು ಎಣ್ಣಿಗಿ. ಗೊಬ್ಬರದ ಕಾಗದ ಅದ ಅಂತ ಹೊಡಿಯೋ ಎಣ್ಣಿ ಮಾರಿದ್ರ ಕೇಸ್ ಆಗ್ತದ.” ಚಿಕ್ಕಂದಿನಿಂದ ಆ ಫ್ರೇಮುಗಳನ್ನು ನೋಡಿದ್ದೇನೆ, ಓದಿರಲಿಲ್ಲ. ಗೊಬ್ಬರದ್ದು 1985ರ ರಸಗೊಬ್ಬರ ನಿಯಂತ್ರಣ ಆದೇಶದ ಅಡಿ ಕೊಟ್ಟದ್ದು. ಮಾಲು ಎಲ್ಲಿಂದ ತರುತ್ತೇವೆ ಅನ್ನೋದಕ್ಕೆ ‘ಫಾರ್ಮ್ ಓ’ ಅಂತ ಇನ್ನೊಂದು ಪತ್ರ ಬೇರೆ ಬೇಕಂತೆ. ನಾವು ಆಫೀಸಿನಲ್ಲಿ ‘ಸ್ಕೋಪ್’ ಅಂತ ಸ್ಲೈಡ್ ಹಾಕಿ ವಿವರಿಸೋದು ಇದನ್ನೇ: ನೀನು ಯಾರು ಅನ್ನೋದು ಬೇರೆ, ನಿನಗೆ ಏನೇನು ಮಾಡೋಕೆ ಅನುಮತಿ ಇದೆ ಅನ್ನೋದು ಬೇರೆ.

ಆಮೇಲೆ ಪಿಒಎಸ್ ಮಷೀನ್ ಎತ್ತಿ ತೋರಿಸಿದ. 2018ರ ಹೊತ್ತಿಗೆ ದೇಶದ ತುಂಬ ಬಂದದ್ದು. ಸಬ್ಸಿಡಿ ಗೊಬ್ಬರ ಮಾರಬೇಕಂದ್ರೆ ಇದರಲ್ಲೇ ಬಿಲ್ ಆಗಬೇಕು. “ರೈತನ ಹೆಬ್ಬಟ್ಟು ರೈತನೇ ಒತ್ತಬೇಕು, ನಾ ಒತ್ತಿದ್ರ ನಡಿಯಂಗಿಲ್ಲ. ಲಾಗಿನ್ ನಂದು, ಹುಡುಗಗ ಹೇಳಿಲ್ಲ. ಗೊಡೌನ್ ಕೀಲಿಕೈ ಮುಂಜಾನಿ ಕೊಡ್ತೀನಿ, ಸಂಜಿಗಿ ಇಸ್ಕೋತೀನಿ.”

ಸಂಜೆಗೆ ಸಾಯೋ ಟೋಕನ್! ನಾನು ತಲೆ ತಗ್ಗಿಸಿ ಕೂತೆ.

“ಮತ್ತ, ಈ ಬಾಟಿಂದು ಕೀಲಿಕೈ ಯಾರ ಕಡಿ ಅದ?”

ನನ್ನ ಕಡೆ ಇತ್ತು. ಅಂಗಡಿ ಅವನದು, ಹೆಸರು ಅವನದು, ಗಿರಾಕಿಗಳು ಅವನವರು. ಬಾಟ್ ಮಾತ್ರ ನನ್ನ ಖಾತೆಯಲ್ಲಿ ಹುಟ್ಟಿತ್ತು. ಯಾಕೆ ಅಂತ ನನಗೆ ನಾನೇ ಕೇಳಿಕೊಂಡಿರಲಿಲ್ಲ.

ಅವತ್ತು ರಾತ್ರಿ ಕಾಕಾನ ಫೋನಿನಿಂದಲೇ ಹೊಸ ಬಾಟ್ ಮಾಡಿದೆವು. ಎರಡು ಹಂತದ ಪಾಸ್‌ವರ್ಡ್ ಹಾಕಿದ, ನನಗೆ ಹೇಳಲಿಲ್ಲ. ಟೋಕನ್ ಈಗ ಕೋಡಿನಲ್ಲಿಲ್ಲ, ಸರ್ವರಿನ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿದೆ. ಗಿರಾಕಿಗಳ ಪಟ್ಟಿ ಬೇರೆ ಕಡೆ. ಕೋಡ್ ಯಾರು ಓದಿದರೂ ಅದರಿಂದ ಬಾಗಿಲು ತೆಗೆಯಲ್ಲ.

ಹೊಸ ಬಾಟ್ ಅಂದ ಮೇಲೆ ಎಲ್ಲರೂ ಮತ್ತೆ ‘ಸ್ಟಾರ್ಟ್’ ಒತ್ತಬೇಕು. ಕಾಕಾ ಬಂದವರಿಗೆಲ್ಲ ನಡೆದದ್ದು ಹೇಳಿ, “ಬೇಕಂದ್ರ ಒತ್ರಿ, ಬ್ಯಾಡಂದ್ರ ಬಿಡ್ರಿ” ಅಂದ. ಇಲ್ಲಿಯವರೆಗೆ ಇಪ್ಪತ್ತಾರು ಜನ ಒತ್ತಿದ್ದಾರೆ. 1,800 ರೂಪಾಯಿ ಕಳಕೊಂಡವನು ಒತ್ತಿಲ್ಲ. ಅವನು ಈಗಲೂ ಬೈಕಿನಲ್ಲಿ ಬರ್ತಾನೆ. ಕಟ್ಟೆ ಹತ್ತದೆ, ಕೆಳಗೆ ನಿಂತೇ ಕೇಳ್ತಾನೆ, “ಡಿಎಪಿ ಬಂದದೇನ್ರಿ?”