ಹೊಟ್ಟು ಡೈರಿ 5: 11 ತುಂಡು ಬ್ಲೇಡು, ಒಂದೇ ಒಂದು ತೇಗದ ಹಲಗೆ

ಮೊದಲ ಫೋಟೋ ಜೂಮ್ ಮಾಡಿ ನೋಡಿ. ಆ ಸ್ಟೀಲ್ ಡಬ್ಬೀಲಿರೋದು ಸೂಜಿ ಅಲ್ಲ, ಸ್ಕ್ರೋಲ್ ಸಾ ಬ್ಲೇಡಿನ ತುಂಡುಗಳು. ಒಟ್ಟು 11 ಬ್ಲೇಡು. ಎಲ್ಲಾ ನಾನೇ ಮುರಿದಿದ್ದು, ಅದೂ 2 ದಿನದಲ್ಲಿ.

ಹೋದ ಸಲ ಕೀಚೈನ್ ಪೋಸ್ಟ್ ಹಾಕಿದಾಗ ತುಂಬಾ ಜನ "ಯಾವ ಬ್ಲೇಡ್ ತಗೊಳ್ಳೋದು?" ಅಂತ ಕೇಳಿದ್ರಿ. ನಾನೂ ದೊಡ್ಡ ಎಕ್ಸ್‌ಪರ್ಟ್ ಥರ "ಸಣ್ಣದು ತಗೊಳ್ಳಿ, ನೀಟಾಗಿ ಬರುತ್ತೆ" ಅಂದುಬಿಟ್ಟೆ. ಆ ಉತ್ತರ ಅರ್ಧ ತಪ್ಪು. ಅದನ್ನ ಸರಿ ಮಾಡೋಕೇ ಈ ಪೋಸ್ಟ್.

ಆಗಿದ್ದಿಷ್ಟು. ಅಪ್ಪ ಆಟೋ ಓಡಿಸಿ ಕಟ್ಟಿಸಿದ ಮನೆಗೆ ಹೋದ ತಿಂಗಳು ಗೃಹಪ್ರವೇಶ ಇತ್ತು. ಮುಂಬಾಗಿಲಿಗೆ ಅಂತ ತಂದ ತೇಗದಲ್ಲಿ ಒಂದು ಹಲಗೆ ಉಳಿದಿತ್ತು. 18 ಎಂಎಂ ದಪ್ಪ, 2 ಅಡಿ ಉದ್ದ. ಅಪ್ಪ ಅದನ್ನ ನನ್ನ ಕೈಗೆ ಕೊಟ್ಟು, "ಬೋರ್ಡ್ ಹೊರಗಡೆ ಮಾಡಿಸೋದು ಬೇಡ ಪುಟ್ಟಿ, ನೀನೇ ಮಾಡು" ಅಂದ್ರು. ಮನೆ ಹೆಸರು 'ಆಸರೆ'. ಮೂರೇ ಅಕ್ಷರ, ಒಂದೊಂದೂ 8 ಇಂಚು. ಒಂದು ಭಾನುವಾರದ ಕೆಲಸ ಅಂದ್ಕೊಂಡೆ.

ಕೀಚೈನ್‌ಗೆ ಹಾಕ್ತಿದ್ದ 2ನೇ ನಂಬರ್ ಬ್ಲೇಡನ್ನೇ ಹಾಕಿ ಶುರು ಮಾಡಿದೆ. ಅದು 6 ಎಂಎಂ ಪ್ಲೈವುಡ್‌ನಲ್ಲಿ ಬೆಣ್ಣೆ ಥರ ಹೋಗ್ತಿತ್ತು. ತೇಗದಲ್ಲಿ ಹೋಗ್ಲೇ ಇಲ್ಲ. ಹೋಗ್ತಿಲ್ಲ ಅಂತ ತಳ್ಳಿದೆ. ತಳ್ಳಿದ್ದಕ್ಕೆ ಬ್ಲೇಡು ಬಿಲ್ಲಿನ ಥರ ಬಗ್ಗಿತು, ಅಂಚು ಸುಟ್ಟು ಕಪ್ಪಾಯ್ತು, ಆಮೇಲೆ ಟಪ್ ಅಂತ ತುಂಡಾಯ್ತು. ಹೊಸದು ಹಾಕೋದು, ತಳ್ಳೋದು, ಟಪ್. ಕೊನೆಗೆ 'ಆ' ಹೊರಗೆ ಬಂತು. ಮುಂದಿನಿಂದ ನೋಡಿದ್ರೆ 'ಆ', ಹಿಂದಿನಿಂದ ನೋಡಿದ್ರೆ ಇನ್ನೇನೋ. ಕಟ್ ಅಷ್ಟು ಓರೆ ಆಗಿತ್ತು. ಹಲಗೆಯ 8 ಇಂಚು ಹೋಯ್ತು. ಅಪ್ಪನಿಗೆ ಹೇಳೋ ಧೈರ್ಯ ಬರ್ಲಿಲ್ಲ.

ಮೈಸೂರಲ್ಲಿ ನಮ್ಮ ದೊಡ್ಡಪ್ಪ ಬೀಟೆ ಮರದ ಇನ್‌ಲೇ ಕೆಲಸ ಮಾಡ್ತಿದ್ದೋರು. ಬೇರೆ ಬೇರೆ ಬಣ್ಣದ ಮರದಲ್ಲಿ ಆನೆ, ಹೂವು, ಬಳ್ಳಿ ಕತ್ತರಿಸಿ ಬೀಟೆ ಹಲಗೆಯಲ್ಲಿ ಕೂರಿಸ್ತಾರಲ್ಲ, ಅದೇ. ಅವರ ಕಾಲದಲ್ಲಿ ಮೆಷಿನ್ ಇಲ್ಲ, ಕೈಯಲ್ಲಿ ಹಿಡಿಯೋ ಸಣ್ಣ ಗರಗಸ. ಈಗ ಕಣ್ಣು ಮಂಜು. ಓರೆ 'ಆ' ತಗೊಂಡು ಅವರ ಹತ್ರ ಹೋದೆ. ಅಂಚನ್ನ ಬೆರಳಲ್ಲಿ ಸವರಿ, "ನಿನ್ ಕೈ ಚೆನ್ನಾಗೈತೆ ಕಣವ್ವ. ಮರನ ಕೇಳ್ದೆ ಬ್ಲೇಡ್ ಹಾಕಿದೀಯ" ಅಂದ್ರು.

ಮರನ ಕೇಳೋದು ಹೆಂಗೆ? ಅವರು ಹೇಳಿದ್ದು, ನಾನು ಆಮೇಲೆ ಓದಿ ತಿಳ್ಕೊಂಡಿದ್ದು, ಎರಡೂ ಸೇರಿಸಿ ಬರೀತಿದೀನಿ. ಸೇವ್ ಮಾಡ್ಕೊಳ್ಳಿ.

ಮೊದಲು ದಪ್ಪ ನೋಡಿ. ಬ್ಲೇಡ್ ನಂಬರ್ ಜಾಸ್ತಿ ಆದಷ್ಟೂ ಬ್ಲೇಡು ಅಗಲ, ಗಟ್ಟಿ. 6 ಎಂಎಂಗೆ 2 ಅಥವಾ 3. 12 ಎಂಎಂಗೆ 3 ರಿಂದ 5. 18 ಎಂಎಂಗೆ 5 ಅಥವಾ 7. ಮರ ಗಟ್ಟಿ ಇದ್ರೆ ಒಂದು ಸೈಜ್ ಮೇಲೆ ಹೋಗಿ. ತೇಗ ನೋಡೋಕೆ ಸಾಧು, ಆದ್ರೆ ಅದರಲ್ಲಿರೋ ಸಿಲಿಕಾ ಬ್ಲೇಡಿನ ಹಲ್ಲನ್ನ ಬೇಗ ಸವೆಸುತ್ತೆ.

ಆಮೇಲೆ ಹಲ್ಲು. ಹಲ್ಲು ಒತ್ತಾಗಿದ್ರೆ ಕಟ್ ನುಣುಪು, ಆದ್ರೆ ಹೊಟ್ಟು ಹೊರಗೆ ಬರೋಕೆ ಜಾಗ ಇರಲ್ಲ, ಬಿಸಿಯಾಗಿ ಮರ ಸುಡುತ್ತೆ. ಸ್ಕಿಪ್ ಟೂತ್ ಅಂತ ಬರುತ್ತೆ, ಹಲ್ಲುಗಳ ಮಧ್ಯೆ ಜಾಗ ಬಿಟ್ಟಿರ್ತಾರೆ. ಹೊಸಬರಿಗೆ ಅದೇ ವಾಸಿ. ಪ್ಲೈವುಡ್ ಕೆಳಗಡೆ ಸಿಬಿರು ಏಳ್ತಿದ್ರೆ ರಿವರ್ಸ್ ಟೂತ್ ತಗೊಳ್ಳಿ. ಅದರಲ್ಲಿ ಕೆಳಗಿನ ಕೆಲವು ಹಲ್ಲು ಮೇಲ್ಮುಖ. ಸ್ಪೈರಲ್ ಬ್ಲೇಡು ಎಲ್ಲಾ ದಿಕ್ಕಿಗೂ ಕತ್ತರಿಸುತ್ತೆ ಅಂತ ಆಸೆ ಪಡಬೇಡಿ, ಅಂಚು ಒರಟು ಬರುತ್ತೆ, ಗೆರೆ ಮೇಲೆ ನಿಲ್ಲಿಸೋದೂ ಕಷ್ಟ.

ಮೂರನೇದು, ಪಿನ್ ಇರೋದಾ, ಇಲ್ಲದ್ದಾ? ಇದು ಕನ್ನಡ ಅಕ್ಷರ ಕತ್ತರಿಸೋರಿಗೆ ಮುಖ್ಯ. 'ರೆ' ಒಳಗಿನ ಗುಂಡು ತೆಗೀಬೇಕು ಅಂದ್ರೆ ಮೊದಲು ಒಳಗೆ ತೂತು ಕೊರೆದು, ಬ್ಲೇಡ್ ತೂರಿಸಿ, ಆಮೇಲೆ ಮೆಷಿನ್‌ಗೆ ಸಿಗಿಸಬೇಕು. ಪಿನ್ ಬ್ಲೇಡ್ ತೂರೋಕೆ ದೊಡ್ಡ ತೂತೇ ಬೇಕು. ಪಿನ್ ಇಲ್ಲದ 5ನೇ ನಂಬರ್‌ಗೆ 2 ಎಂಎಂ ತೂತು ಸಾಕು. ನಮ್ಮ ಲಿಪಿ ಪೂರ್ತಿ ಗುಂಡು, ಸುಳಿ ತಾನೇ? ಆದ್ರೆ ಕೊಳ್ಳೋ ಮುಂಚೆ ನಿಮ್ಮ ಮೆಷಿನ್ ಯಾವುದನ್ನ ಹಿಡಿಯುತ್ತೆ ನೋಡ್ಕೊಳ್ಳಿ. ಉದ್ದ ಸಾಮಾನ್ಯವಾಗಿ 5 ಇಂಚು.

ಹಾಕುವಾಗ ಪ್ಲಗ್ ತೆಗೀರಿ. ಹಲ್ಲಿನ ಮೊನೆ ಕೆಳಮುಖ ಇರ್ಬೇಕು. ಬಿಗಿ ಮಾಡಿ ಬೆರಳಲ್ಲಿ ಮೀಟಿದ್ರೆ ತಂತಿ ಥರ ಟಿಣ್ ಅನ್ಬೇಕು. ನನ್ನದು ದಬ್ ಅಂತಿತ್ತು, ಅದಕ್ಕೇ ಬಗ್ತಿದ್ದಿದ್ದು. ಡಿಸೈನ್ ಪೇಪರ್ ಮೇಲೆ ಪ್ಯಾಕಿಂಗ್ ಟೇಪ್ ಅಂಟಿಸಿದ್ರೆ ಸುಡೋದು ಕಡಿಮೆ. ಕನ್ನಡಕ, ಮಾಸ್ಕ್ ಮರೀಬೇಡಿ.

ಕೊನೇದು ನಮ್ಮ ಬಿಕಾಂ ಪಾಠ. ಸಂಕ್ ಕಾಸ್ಟ್ ಅಂದ್ರೆ ಏನು ಅಂತ ಎಕ್ಸಾಮಲ್ಲಿ ಚೆನ್ನಾಗೇ ಬರೆದು ಬಂದಿದ್ದೆ. ಮನೇಲಿ ಮಾತ್ರ "ದುಡ್ಡು ಕೊಟ್ಟಿದೀನಲ್ಲಾ" ಅಂತ ಮೊಂಡಾದ ಬ್ಲೇಡನ್ನ ಮುರಿಯೋವರೆಗೂ ತಳ್ತಿದ್ದೆ. ಡಜನ್ ಲೆಕ್ಕದಲ್ಲಿ ಸಿಗೋ ಬ್ಲೇಡ್ ಉಳಿಸೋಕೆ ಹೋಗಿ, ಮತ್ತೆ ಸಿಗದ ಹಲಗೆ ಕಳ್ಕೊಂಡೆ. ತಳ್ಬೇಕು ಅನ್ನಿಸಿದ ತಕ್ಷಣ ಬದಲಾಯಿಸಿ. ಮುರಿಯೋವರೆಗೂ ಕಾಯಬೇಡಿ.

ಅವತ್ತು ರಾತ್ರಿ ಅಪ್ಪನಿಗೆ ಹೇಳಿದೆ. ಅವರು ಓರೆ 'ಆ' ತಿರುಗಿಸಿ ಮುರುಗಿಸಿ ನೋಡಿ, "ಉಳಿದಿದ್ರಲ್ಲಿ ಎಷ್ಟು ದೊಡ್ಡದು ಬರುತ್ತೆ?" ಅಂತಷ್ಟೇ ಕೇಳಿದ್ರು. 16 ಇಂಚಲ್ಲಿ 5 ಇಂಚಿನ ಮೂರು ಅಕ್ಷರ ಬಂತು. 5ನೇ ನಂಬರ್ ಸ್ಕಿಪ್ ಟೂತ್, ಒಟ್ಟು 4 ಬ್ಲೇಡ್. ಒಂದೂ ಮುರೀಲಿಲ್ಲ, ಮೊಂಡಾದ ಹಾಗೆ ತೆಗೆದೆ.

ಎರಡನೇ ಫೋಟೋ ಮುಂಬಾಗಿಲ ಬೋರ್ಡು. ಅಂದ್ಕೊಂಡಿದ್ದಕ್ಕಿಂತ ಚಿಕ್ಕದು. ಮೂರನೇ ಫೋಟೋದಲ್ಲಿರೋದು ಆ ಸುಟ್ಟ 'ಆ'. ಅಪ್ಪ ಅದಕ್ಕೊಂದು ಮೊಳೆ ಹೊಡೆದು ಆಟೋ ಕೀ ನೇತು ಹಾಕ್ತಾರೆ. ದಿನಾ ಬೆಳಿಗ್ಗೆ ನೋಡ್ತೀನಿ.

ನೀವು ಮೊದಲು ಹಾಳು ಮಾಡಿದ ಮರದ ತುಂಡು ಯಾವುದು? ಕಾಮೆಂಟಲ್ಲಿ ಹೇಳಿ, ನಾಚ್ಕೋಬೇಡಿ. ಮುಂದಿನ ಭಾಗ ಸ್ಯಾಂಡ್ ಪೇಪರ್ ಬಗ್ಗೆ.

#ಹೊಟ್ಟುಡೈರಿ #ಮರಗೆಲಸ #ಸ್ಕ್ರೋಲ್‌ಸಾ #ಕನ್ನಡಅಕ್ಷರ