ಹೊಲಕ್ಕೆ ಬಿದ್ದವನು ಯಾರ ಮಗ?

ನಮ್ಮ ದಾದಾ, ಅಂದರೆ ತಂದೆಯ ತಂದೆ, ಪಾಂಡವಪುರದ ಆಚೆ ನಾಲೆಯಂಚಿನ ಗದ್ದೆಯಲ್ಲಿ ದುಡಿದು ಬದುಕಿದವರು. ಎರಡನೆಯ ಮಹಾಯುದ್ಧದ ಮಾತು ಬಂದರೆ ಅವರಿಗೆ ಮೊದಲು ನೆನಪಾಗುತ್ತಿದ್ದುದು ಸೀಮೆಎಣ್ಣೆಯ ಅಭಾವ. ಆಮೇಲೆ ಆಕಾಶದ ಸದ್ದು. ವಿಮಾನ ಹಾದು ಹೋದರೆ ಹೆಂಗಸರು ಮಕ್ಕಳನ್ನು ಒಳಗೆ ಕರೆಯುತ್ತಿದ್ದರಂತೆ. ಗಂಡಸರು ನೇಗಿಲು ನಿಲ್ಲಿಸಿ ತಲೆಯೆತ್ತಿ ನೋಡುತ್ತಿದ್ದರಂತೆ. ಕಬ್ಬಿಣದ ಅಷ್ಟು ದೊಡ್ಡ ಹಕ್ಕಿ ಯಾವತ್ತಾದರೂ ಬಿದ್ದರೆ ಯಾರ ಹೊಲಕ್ಕೆ ಬೀಳುತ್ತದೋ ಎಂಬುದು ಅವರ ಚಿಂತೆ.

ನಾನು ಹುಡುಗನಾಗಿದ್ದಾಗ ಒಮ್ಮೆ ಕೇಳಿದ್ದೆ: "ಬಿದ್ದಿದ್ದರೆ ಏನ್ ಮಾಡ್ತಿದ್ರಿ ದಾದಾ?"

"ಏನ್ ಮಾಡೋದು ಬೇಟಾ, ಓಡಿಹೋಗಿ ಒಳಗಿರೋನು ಬದುಕಿದ್ದಾನಾ ಅಂತ ನೋಡೋದು. ಇದ್ದರೆ ನೀರು, ಇಲ್ಲದಿದ್ದರೆ ಮಣ್ಣು."

"ಅವನು ದುಶ್ಮನ್ ಆಗಿದ್ದರೆ?"

"ಅದನ್ನ ಆಮೇಲೆ ಕೇಳಿದರಾಯ್ತು."

ಆ ವಿಮಾನಗಳು ಎಲ್ಲಿಂದ ಬರುತ್ತಿದ್ದವು ಎಂಬುದು ದಾದಾಗೆ ಗೊತ್ತಿರಲಿಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಆರಂಭಿಸಿದ್ದರು. 1943ರಲ್ಲಿ ಅಮೆರಿಕದ ಸೇನೆ ಅದನ್ನು ವಹಿಸಿಕೊಂಡು ಯುದ್ಧವಿಮಾನಗಳ ದುರಸ್ತಿ ಕೇಂದ್ರ ಮಾಡಿಕೊಂಡಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ರೈತನಿಗೆ ಯುದ್ಧವೆಂದರೆ ಹೊಲದ ಮೇಲೆ ಹಾದುಹೋಗುವ ಸದ್ದು ಮಾತ್ರವಾಗಿತ್ತು.

ಆದರೆ ನಮ್ಮ ಸೀಮೆಯ ಹೆಸರು ಹೊತ್ತ ವಿಮಾನಗಳು ಬೇರೆಯವರ ಹೊಲಗಳ ಮೇಲೆ ಹಾರುತ್ತಿದ್ದವು. ಮೈಸೂರು ಸಂಸ್ಥಾನ ಕೊಟ್ಟ ಯುದ್ಧನಿಧಿಯ ನೆನಪಿಗಾಗಿ, 1941ರ ಜೂನ್‌ನಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ ಬ್ರಿಟಿಷ್ ವಾಯುಪಡೆಯ 129ನೇ ದಳಕ್ಕೆ 'ಮೈಸೂರು' ಎಂದೇ ಹೆಸರಿಟ್ಟರು. ಅದರ ಲಾಂಛನ ನಮ್ಮ ಗಂಡಭೇರುಂಡ. ಸ್ಪಿಟ್‌ಫೈರ್ ವಿಮಾನಗಳ ಆ ದಳ 1942ರ ಆಗಸ್ಟಿನಲ್ಲಿ ಫ್ರಾನ್ಸಿನ ದಿಯೆಪ್ ಬಂದರಿನ ದಾಳಿಯಲ್ಲೂ ಇತ್ತು. ಸಂಸ್ಥಾನದ ಬೊಕ್ಕಸವೆಂದರೆ ಕೊನೆಗೆ ರೈತನ ಕಂದಾಯ ತಾನೆ? ದಾದಾ ತೆತ್ತ ಬಿಡಿಗಾಸೂ ಅದರಲ್ಲಿ ಎಲ್ಲೋ ಸೇರಿರಬಹುದು. ಆ ದಳದಿಂದ ಹಾರಿ ಮರಳಿ ಬಾರದ ಹುಡುಗರಿಗೆ ಯಾವ ರೈತ ನೀರು ಕೊಟ್ಟನೋ, ಯಾರು ಮಣ್ಣು ಕೊಟ್ಟರೋ.

ದಾದಾನ ಆ ಮಾತು ನನಗೆ ಮತ್ತೆ ನೆನಪಾದದ್ದು ಬಹಳ ವರ್ಷಗಳ ನಂತರ, ಕೊಡಗಿನ ಗೆಳೆಯರೊಬ್ಬರಿಂದ. ನಾವಿಬ್ಬರೂ ಮೈಸೂರಿನಲ್ಲಿ ಒಂದೇ ಶಾಲೆಯಲ್ಲಿ ಮೇಷ್ಟ್ರಾಗಿದ್ದೆವು. ಅವರ ಮನೆಯ ಗೋಡೆಯ ಮೇಲೆ ಒಬ್ಬ ವಾಯುಸೈನಿಕರ ಚಿತ್ರವಿತ್ತು. ನೆಂಟರೇ ಎಂದು ಕೇಳಿದೆ. "ನೆಂಟರಲ್ಲ ಮೇಷ್ಟ್ರೇ, ಆದರೆ ಕೊಡಗಿನಲ್ಲಿ ಎಲ್ಲರ ಮನೆಯವರೂ ಹೌದು" ಎಂದರು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಕಥೆಯನ್ನು ನಾನು ಮೊದಲು ಕೇಳಿದ್ದು ಹಾಗೆ.

1965ರ ಸೆಪ್ಟೆಂಬರ್ 7ರ ನಸುಕು. ಪಂಜಾಬಿನ ಆದಂಪುರದಿಂದ ಭಾರತದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ವಿಂಗ್ ಕಮಾಂಡರ್ ಒ.ಪಿ. ತನೇಜಾ ನಾಯಕರು. 32 ವರ್ಷದ ದೇವಯ್ಯ ಮೀಸಲು ಪೈಲಟ್ ಆಗಿದ್ದು, ತಂಡವನ್ನು ಸೇರಿಕೊಂಡವರು. ದಾಳಿ ಮುಗಿಸಿ ಮರಳುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದು ಅವರನ್ನು ಅಡ್ಡಗಟ್ಟಿತು. ನಡೆಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದು. ಸಾಮಾನ್ಯ ಹಾರಾಟದಲ್ಲಿ ಮಿಸ್ಟೇರ್ ಶಬ್ದದ ವೇಗವನ್ನೂ ಮುಟ್ಟದು. ಗುಂಡೇಟು ತಿಂದ ಮೇಲೂ ದೇವಯ್ಯ ಓಡಿಹೋಗಲಿಲ್ಲ. ತಿರುಗಿ ನಿಂತು ಕಾದಾಡಿದರು. ಸ್ಟಾರ್‌ಫೈಟರ್ ಉರುಳಿತು, ಅಮ್ಜದ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ದೇವಯ್ಯನವರ ವಿಮಾನವೂ ಬಿತ್ತು. ಅವರು ಬದುಕಲಿಲ್ಲ.

ಇತ್ತ ಭಾರತದಲ್ಲಿ ಇದ್ಯಾವುದೂ ತಿಳಿಯಲಿಲ್ಲ. ಜೊತೆಗೆ ಹೋದವರು ಹಿಂದಿರುಗಿದರು, ದೇವಯ್ಯ ಬರಲಿಲ್ಲ ಅಷ್ಟೆ. ಅವರ ಹೆಸರು ಕಾಣೆಯಾದವರ ಪಟ್ಟಿ ಸೇರಿತು. 1979ರಲ್ಲಿ ಇಂಗ್ಲಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕ ಬಂದ ಮೇಲೆಯೇ ಆ ಸ್ಟಾರ್‌ಫೈಟರ್ ಮಿಸ್ಟೇರ್ ವಿಮಾನದೊಡನೆ ಕಾದಾಡುವಾಗ ಬಿದ್ದದ್ದೆಂಬ ವಿಷಯ ಹೊರಬಿದ್ದದ್ದು. 1988ರಲ್ಲಿ, 23 ವರ್ಷಗಳ ನಂತರ, ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಪತ್ನಿ ಸುಂದರಿ ದೇವಯ್ಯ ಅದನ್ನು ಸ್ವೀಕರಿಸಿದರು. 2025ರಲ್ಲಿ ಬಂದ 'ಸ್ಕೈ ಫೋರ್ಸ್' ಎಂಬ ಹಿಂದಿ ಚಲನಚಿತ್ರಕ್ಕೆ ಪ್ರೇರಣೆಯಾದದ್ದೂ ಇದೇ ಪ್ರಸಂಗ.

ಚಿತ್ರ ನೋಡಿದವರು ಆಕಾಶದ ಕಾಳಗದ ಬಗ್ಗೆ ಮಾತಾಡುತ್ತಾರೆ. ನನ್ನ ಮನಸ್ಸು ಸಿಕ್ಕಿಕೊಂಡಿರುವುದು ನೆಲದ ಮೇಲೆ ನಡೆದದ್ದರಲ್ಲಿ. ದೇವಯ್ಯನವರ ದೇಹ ಸಿಕ್ಕಿದ್ದು ಪಾಕಿಸ್ತಾನದ ಪಂಜಾಬಿನ ಕೋಟ್ ನಕ್ಕಾ ಎಂಬ ಹಳ್ಳಿಯ ಬಳಿ, ಹೊಲದಲ್ಲಿ. ಈ ಸಂಗತಿ ನಮಗೆ ತಿಳಿದದ್ದೂ ಪಾಕಿಸ್ತಾನದ ನಿವೃತ್ತ ವಾಯುಸೇನಾಧಿಕಾರಿ ಕೈಸರ್ ತುಫೈಲರಿಂದ. ಆ ಊರಿನ ರೈತರು ಅವರನ್ನು ಅಲ್ಲೇ ಮಣ್ಣು ಮಾಡಿದರು.

ಆ ಬೆಳಗನ್ನು ಕಲ್ಪಿಸಿಕೊಳ್ಳಿ. ಯುದ್ಧ ನಡೆಯುತ್ತಿದೆ. ತಮ್ಮ ನಾಡಿನ ನೆಲೆಗೆ ಬಾಂಬು ಹಾಕಲು ಬಂದವನು ಹೊಲದಲ್ಲಿ ಸತ್ತು ಬಿದ್ದಿದ್ದಾನೆ. ಅವನ ಹೆಸರು ಗೊತ್ತಿಲ್ಲ, ಭಾಷೆ ಗೊತ್ತಿಲ್ಲ. ತಮ್ಮವನಲ್ಲ ಎಂಬುದು ಮಾತ್ರ ಗೊತ್ತು. ಅವನ ದೇಹವನ್ನು ಹಾಗೆಯೇ ಬಿಟ್ಟು ಹೋಗಿದ್ದರೆ ಕೇಳುವವರಿರಲಿಲ್ಲ. ಅವರು ಗುದ್ದಲಿ ತಂದರು. ಯಾರದೋ ಹೊಲದಲ್ಲಿ ಆರಡಿ ಜಾಗ ಬಿಟ್ಟುಕೊಟ್ಟರು. ನನ್ನ ದಾದಾನಂಥವರೇ ಇರಬೇಕು ಅವರೂ.

ಇದು ಅವರ ದೊಡ್ಡತನ ನಿಜ. ಆದರೆ ಮುಸ್ಲಿಮನೊಬ್ಬ ಇದನ್ನು ದೊಡ್ಡತನವೆಂದಷ್ಟೇ ಹೇಳಿ ಸುಮ್ಮನಾಗುವಂತಿಲ್ಲ. ಅದು ಅವನ ಕರ್ತವ್ಯವೂ ಹೌದು. ಪ್ರವಾದಿ ಮುಹಮ್ಮದ್(ಸ)ರ ಮುಂದೆ ಒಂದು ಶವಯಾತ್ರೆ ಹಾದುಹೋದಾಗ ಅವರು ಎದ್ದು ನಿಂತ ಪ್ರಸಂಗವನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. ಅದು ಯಹೂದಿಯೊಬ್ಬನ ಶವವೆಂದು ಜೊತೆಗಿದ್ದವರು ಹೇಳಿದಾಗ, ಅವನೂ ಒಂದು ಜೀವವಲ್ಲವೇ ಎಂಬ ಅರ್ಥದಲ್ಲಿ ಅವರು ಮರುಪ್ರಶ್ನೆ ಹಾಕಿದರು. ಯುದ್ಧದಲ್ಲಿ ಸತ್ತ ಶತ್ರುವಿನ ದೇಹವನ್ನು ವಿರೂಪಗೊಳಿಸುವುದನ್ನು ಅವರು ನಿಷೇಧಿಸಿದರು. ಬದ್ರ್ ಯುದ್ಧದಲ್ಲಿ ಸತ್ತ ಎದುರಾಳಿಗಳ ಶವಗಳನ್ನು ಬಯಲಲ್ಲಿ ಬಿಡದೆ ಮಣ್ಣಿನಡಿ ಸೇರಿಸಿದರು. ಕೋಟ್ ನಕ್ಕಾದ ರೈತರು ಕಿತಾಬು ಓದಿದವರೋ ಅಲ್ಲವೋ, ಕಿತಾಬಿನಲ್ಲಿದ್ದುದನ್ನು ಮಾಡಿದರು.

ಅದೇ ಯುದ್ಧದ ಇನ್ನೊಂದು ಕೊಡಗಿನ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಜನರಲ್ ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪನವರ ಹಂಟರ್ ವಿಮಾನ ಯುದ್ಧದ ಕೊನೆಗೆ, ಸೆಪ್ಟೆಂಬರ್ 22ರಂದು ಉರುಳಿ, ಅವರು ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶ ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಅವರಿಂದ ವಿಚಾರಣೆ ಬಂದಾಗ ತಂದೆ ಯಾವ ರಿಯಾಯಿತಿಯನ್ನೂ ಬೇಡಲಿಲ್ಲ. ಅಲ್ಲಿರುವ ಸೆರೆಯಾಳುಗಳೆಲ್ಲರೂ ತನ್ನ ಮಕ್ಕಳೇ ಎಂದರು. ಮಗ 1966ರ ಜನವರಿಯಲ್ಲಿ ಊರಿಗೆ ಬಂದರು. ದೇವಯ್ಯನವರೊಡನೆ ಕಾದಾಡಿದ ಅಮ್ಜದ್ ಹುಸೇನ್ 1971ರ ಯುದ್ಧದಲ್ಲಿ ಅಮೃತಸರದ ಬಳಿ ಮತ್ತೆ ಕೆಳಗೆ ಬಿದ್ದರು. ಈ ಸಲ ಅದು ಭಾರತದ ನೆಲ. ಅವರೂ ಸೆರೆಯಾಳಾಗಿದ್ದು, ಜೀವಂತವಾಗಿ ಮನೆ ಸೇರಿದರು.

ಇನ್ನು ನನ್ನ ಗೆಳೆಯರ ಮತ್ತು ನನ್ನ ವಿಷಯ. 2015ರ ನವೆಂಬರ್ 10ರಂದು ಟಿಪ್ಪು ಜಯಂತಿಯ ಸಂದರ್ಭದಲ್ಲಿ ಮಡಿಕೇರಿಯಲ್ಲಿ ಗಲಭೆಯಾಗಿ ಜೀವಹಾನಿಯಾಯಿತು. ನಾನು ಶ್ರೀರಂಗಪಟ್ಟಣದವನು, ಅವರು ಕೊಡಗಿನವರು. ಕೊಡಗಿನಿಂದ ಸೆರೆಯಾಳುಗಳಾಗಿ ನಮ್ಮೂರಿಗೆ ತರಲ್ಪಟ್ಟವರ ನೋವು ಅವರ ಮನೆಗಳಲ್ಲಿ ಇಂದಿಗೂ ಜೀವಂತ. ಬ್ರಿಟಿಷರ ಎದುರು ಹೋರಾಡಿ ಸತ್ತ ಸುಲ್ತಾನನ ನೆನಪು ನಮ್ಮ ಮನೆಗಳಲ್ಲಿ ಜೀವಂತ. ಇಬ್ಬರೂ ಜಗಳವಾಡಲಿಲ್ಲ. ಮಾತು ಬಿಟ್ಟೆವು, ಅಷ್ಟೆ. ಒಂದು ವರ್ಷ ಫೋನೂ ಇಲ್ಲ.

ಕೊನೆಗೆ ನಾನೇ ಹೋದೆ. ಗೋಡೆಯ ಮೇಲೆ ಆ ಚಿತ್ರ ಹಾಗೇ ಇತ್ತು. ಏನು ಮಾತಾಡಬೇಕೆಂದು ತಿಳಿಯದೆ, "ಇವರನ್ನು ಮಣ್ಣು ಮಾಡಿದವರು ಯಾರು ಅಂತ ನಿಮಗೆ ಗೊತ್ತೇ?" ಎಂದೆ.

"ಗೊತ್ತು ಮೇಷ್ಟ್ರೇ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೆಯವರು ಮಾಡಬೇಕಾದ್ದನ್ನು ಅವರು ಮಾಡಿದರು" ಎಂದರು. ಆಮೇಲೆ ಕಾಫಿ ಬಂತು.

ಮುಂದಿನ ತಿಂಗಳು ಅವರು ನಮ್ಮೂರಿಗೆ ಬಂದರು. ಕಾವೇರಿ ದಡದ ಗ್ಯಾರಿಸನ್ ಸ್ಮಶಾನಕ್ಕೆ ಕರೆದುಕೊಂಡು ಹೋದೆ. 1799ರ ನಂತರ ಇಲ್ಲಿ ಬೀಡುಬಿಟ್ಟ ಬ್ರಿಟಿಷ್ ಸೇನೆಯವರದು, ಅವರ ಕೂಲಿಗೆ ಬಂದ ಸ್ವಿಸ್ ದಳದವರದು, ಅವರ ಹೆಂಡಿರು ಮಕ್ಕಳದು, ಸುಮಾರು 300 ಗೋರಿಗಳು ಅಲ್ಲಿವೆ. ಎಷ್ಟೋ ಮಂದಿ ಜ್ವರದಿಂದ ಸತ್ತವರು. ನಮ್ಮ ಊರನ್ನು ಲೂಟಿ ಮಾಡಿದ ಸೇನೆಯವರು ಅವರು. ಆದರೂ ಆ ಗೋರಿಗಳು ಅಲ್ಲೇ ಇವೆ. ಅಲ್ಲಿಂದ ಗುಂಬಜ್‌ಗೆ ಹೋದೆವು. ಸುಲ್ತಾನನನ್ನು ಕೊಂದವರೇ ಮರುದಿನ, ಮೇ 5ರಂದು, ಸೈನಿಕ ಗೌರವದೊಡನೆ ಅವನನ್ನು ತಂದೆ ಹೈದರನ ಪಕ್ಕದಲ್ಲಿ ದಫನ ಮಾಡಿಸಿದ್ದು ಅಲ್ಲಿ. ಲೂಟಿಯೂ ನಿಜ, ಗೌರವವೂ ನಿಜ. ಒಂದರಿಂದ ಇನ್ನೊಂದು ಅಳಿಸಿಹೋಗುವುದಿಲ್ಲ.

ಗೆಳೆಯರು ಗುಂಬಜ್‌ನ ಒಳಗೆ ಬರಲಿಲ್ಲ. ಹೊರಗೆ ಚಪ್ಪಲಿ ಕಳಚಿ, ಮೆಟ್ಟಿಲ ಬಳಿ ನಿಂತರು. ನಾನೂ ಒತ್ತಾಯಿಸಲಿಲ್ಲ. ಅವರು ಅಷ್ಟು ದೂರ ಬಂದದ್ದೇ ನನಗೆ ದೊಡ್ಡದಾಗಿತ್ತು. ಇತಿಹಾಸದ ವಿಷಯದಲ್ಲಿ ಅವರಿಗೂ ನನಗೂ ಇಂದಿಗೂ ಒಮ್ಮತವಿಲ್ಲ. ಆದರೆ ಫೋನು ನಿಂತಿಲ್ಲ.

ದೇವಯ್ಯನವರ ಹೆಸರು ಪದಕದ ಪಟ್ಟಿಯಲ್ಲಿದೆ, ಇರಬೇಕಾದದ್ದೇ. ಗುದ್ದಲಿ ಹಿಡಿದವರ ಹೆಸರನ್ನು ನಾನು ಎಲ್ಲೂ ಓದಿಲ್ಲ. ತಲಕಾವೇರಿಯ ನೀರು ಇಂದಿಗೂ ಕೊಡಗಿನಿಂದ ಇಳಿದು ನಮ್ಮೂರನ್ನು ಬಳಸಿಕೊಂಡು ಹೋಗುತ್ತದೆ. ಸಂಜೆ ನಮಾಝ್ ಮುಗಿಸಿ ನದಿ ದಡದಲ್ಲಿ ಕುಳಿತಾಗ, ಆ ದೂರದ ಹೊಲದಲ್ಲಿ ಮಲಗಿರುವ ಕೊಡಗಿನ ಮಗನೂ, ಹೆಸರಿಲ್ಲದ ಆ ರೈತರೂ ನೆನಪಾಗುತ್ತಾರೆ. ಅವರಿಗಾಗಿ ದುಆ ಮಾಡುತ್ತೇನೆ. ನಮ್ಮ ಹೊಲಕ್ಕೆ ಯಾರಾದರೂ ಬಿದ್ದ ದಿನ ಅವನು ಯಾರ ಕಡೆಯವನೆಂದು ಕೇಳುವ ಮೊದಲು ನಮ್ಮ ಕೈಗಳೂ ನೀರಿನ ಚೆಂಬನ್ನು ಹುಡುಕಲಿ ಎಂದೂ ಬೇಡಿಕೊಳ್ಳುತ್ತೇನೆ.